ಹದಿನೇಳನೇ ಹಾಳೆಯ ಬಾಲ

ಸರ್ವರ್ ಲಾಗ್ ಓದುವುದೆಂದರೆ ನನಗೆ ಅಕ್ಕಿ ಆರಿಸಿದ ಹಾಗೆ. ಯಾವ ಯಂತ್ರ, ಎಷ್ಟು ಹೊತ್ತಿಗೆ, ಯಾವ ಪುಟ ಕೇಳಿತು, ಸರ್ವರ್ ಏನು ಉತ್ತರ ಕೊಟ್ಟಿತು ಎಂಬುದೆಲ್ಲ ಅಲ್ಲಿ ಒಂದೊಂದು ಸಾಲಾಗಿ ಬಿದ್ದಿರುತ್ತದೆ. ಹೊಂದದ ಸಾಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಎತ್ತಿ ಹೊರಗೆಸೆಯಬೇಕು. "ಅಡಿಗಿಮನ್ಯಾಗ ಇಲ್ಲದ ಮಡಿ ಎಲ್ಲಾ ನಿನ್ನ ಕಂಪ್ಯೂಟರಿನ್ಯಾಗ ಐತಿ" ಎಂದು ಅವ್ವ ನನ್ನನ್ನು ಆಡಿಕೊಳ್ಳುತ್ತಾಳೆ. ಒಂದು ಜನವರಿಯಲ್ಲಿ ನಾನು ಹಾಗೆ ಎತ್ತಿ ಎಸೆದದ್ದು ಕಲ್ಲಾಗಿರಲಿಲ್ಲ. ಅದರಿಂದ ಒಬ್ಬರ ಬಲಗೈ ಸುಟ್ಟಿತು. ಆಮೇಲೆ ನಾನು ಬರೆದ ಒಂದೇ ಒಂದು ವಾಕ್ಯದಿಂದ ಅವರ ಕೆಲಸವೂ ಹೋಗುವುದರಲ್ಲಿತ್ತು. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ಬೇಗಂಪೇಟೆಯಲ್ಲಿ ಹನ್ನೊಂದು ಜನರ ಸಣ್ಣ ಆಫೀಸು. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಗೆ ನಾವು ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆವು, ಒಳಗಿನವರ ಬಳಕೆಗೆ ಮಾತ್ರ. ಅಲ್ಲಿ ರಸಾಯನ ಕುದಿಸುವ ದೊಡ್ಡ ಉಕ್ಕಿನ ಹಂಡೆಗಳಿದ್ದವು. ಪ್ರತಿ ಹಂಡೆಯ ಪಕ್ಕ ಒಂದು ಟ್ಯಾಬ್ ತೂಗುಹಾಕಿದ್ದರು. ಯಾವುದನ್ನು ಎಷ್ಟು ಸುರಿಯಬೇಕು, ಯಾವುದರಿಂದ ತೊಳೆಯಬೇಕು, ಕೈಗೆ ಯಾವ ಗ್ಲೌಸ್ ಹಾಕಿಕೊಳ್ಳಬೇಕು ಎಂಬ ಸೂಚನೆಯ ಹಾಳೆಗಳು ಅದರಲ್ಲಿ ತೆರೆಯುತ್ತಿದ್ದವು. ವಿಳಾಸದ ಕೊನೆಯಲ್ಲಿ ಹಾಳೆಯ ನಂಬರು ಒತ್ತಿದರೆ ಸಾಕು. ಹದಿನೇಳು ಒತ್ತಿದರೆ ಹದಿನೇಳನೇ ಹಾಳೆ. ಕಾಗದವನ್ನು ಒಳಗೆ ತರುವಂತಿರಲಿಲ್ಲ. ಗೋಡೆಗೆ ಅಂಟಿಸಿದ ಹಳೇ ಕಾಗದ ನೋಡಿಕೊಂಡು ಯಾರಾದರೂ ಕೈ ಸುಟ್ಟುಕೊಂಡಾರು ಎಂಬ ಭಯಕ್ಕೇ ಈ ಟ್ಯಾಬ್‌ಗಳು ಬಂದದ್ದು. ಈ ಮಾತನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ.

ಉಕ್ಕಿನ ಹಂಡೆಗಳ ನಡುವೆ ವೈಫೈ ನಿಲ್ಲುತ್ತಿರಲಿಲ್ಲ. ಹಾಳೆ ಕೇಳಿದರೆ ಬರೀ ಬಿಳಿ ಪರದೆ. ಅದಕ್ಕೆ ನಾನು ಸರ್ವರ್‌ನಲ್ಲಿ ಒಂದು ಸಾಲು ಬರೆದೆ: ಒಮ್ಮೆ ತೆರೆದ ಹಾಳೆಯನ್ನು ಬ್ರೌಸರ್ ಮೂವತ್ತು ದಿನ ತನ್ನಲ್ಲೇ ಇಟ್ಟುಕೊಳ್ಳಲಿ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಡಬ್ಬಿಯಲ್ಲಿ ಹಿಟ್ಟು ಇರುವವರೆಗೆ ಯಾರೂ ಗಿರಣಿಗೆ ಹೋಗುವುದಿಲ್ಲವಲ್ಲ, ಹಾಗೆ. ಬ್ರೌಸರ್ ಸರ್ವರ್ ಕಡೆ ತಿರುಗಿಯೂ ನೋಡದೆ ತನ್ನಲ್ಲಿರುವ ಹಾಳೆಯನ್ನೇ ತೋರಿಸುತ್ತದೆ. ಇನ್ನೊಂದು ತೊಂದರೆಯೂ ಇತ್ತು. ಗ್ಲೌಸ್ ಹಾಕಿದ ಬೆರಳು ಪರದೆಗೆ ತಾಗಿ ಪುಟ ಸುಮ್ಮಸುಮ್ಮನೆ ರಿಫ್ರೆಶ್ ಆಗುತ್ತಿತ್ತು. ಹಾಗಾಗಿ ರಿಫ್ರೆಶ್ ಆಗುವುದನ್ನೇ ಬಂದ್ ಮಾಡಿಟ್ಟೆ.

ಹಾಳೆಯಲ್ಲಿರುವುದು ಬದಲಾದಾಗ ಅದರ ವಿಳಾಸವೂ ಬದಲಾಗಬೇಕು, ವಿಳಾಸದಲ್ಲೇ ಎಷ್ಟನೇ ಆವೃತ್ತಿ ಎಂಬ ಸಂಖ್ಯೆ ಇರಬೇಕು. ಆಗ ಬ್ರೌಸರ್ ಇದು ಬೇರೆ ಪುಟ ಎಂದು ತಿಳಿದು ಸರ್ವರ್‌ನಿಂದ ಹೊಸದನ್ನು ತರುತ್ತದೆ. ಇದು ನಮ್ಮ ಕಸುಬಿನ ಮೊದಲ ಪಾಠ, ನನಗೆ ಗೊತ್ತಿಲ್ಲದ್ದೇನಲ್ಲ. "ಆಮೇಲೆ ಮಾಡಬೇಕಾದದ್ದು" ಎಂಬ ಪಟ್ಟಿಯಲ್ಲಿ ಅದನ್ನು ಬರೆದಿಟ್ಟಿದ್ದೆ. ಹಾಳೆಗಳು ಬದಲಾಗುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ ಎಂದು ಯಾರೋ ಹೇಳಿದ್ದರು. ನನಗೂ ಅದನ್ನು ನಂಬುವುದೇ ಅನುಕೂಲವಾಗಿತ್ತು.

ನವೆಂಬರ್‌ನಲ್ಲಿ ಒಂದು ದಿನ ಕಾರ್ಖಾನೆಯಿಂದ ಫೋನ್ ಬಂತು. ಮಾತಾಡಿದವರು ಒಬ್ಬ ಹಿರಿಯ ಆಪರೇಟರ್. "ಮೇಡಂ, ಪುರಾನಾಚ್ ಆರಾ" ಎಂದು ಈ ಊರಿನ ಹಿಂದಿಯಲ್ಲಿ ಹೇಳಿದರು. ಹಾಳೆ ಬದಲಾಗಿದೆ ಎಂದು ಶಿಫ್ಟ್ ಕೆಮಿಸ್ಟ್ ಹೇಳುತ್ತಿದ್ದಾರೆ, ಟ್ಯಾಬ್‌ನಲ್ಲಿ ಮಾತ್ರ ಹಳೆಯದೇ ಬರುತ್ತಿದೆ ಎಂಬುದು ಅವರ ದೂರು. ನಾನು ಬೇರೆ ಯಾವುದೋ ಕೆಲಸದಲ್ಲಿ ಮುಳುಗಿದ್ದೆ. ನೆಟ್‌ವರ್ಕ್ ಸರಿ ಇಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ ಎಂದು ಹಿಂದಿಯಲ್ಲಿ ಹೇಳಿ ಇಟ್ಟುಬಿಟ್ಟೆ. ಅವರು ಮತ್ತೆ ಫೋನ್ ಮಾಡಲಿಲ್ಲ. ಸರಿಹೋಗಿರಬೇಕು ಎಂದುಕೊಂಡೆ.

ಜನವರಿಯಲ್ಲಿ ತಿಂಗಳ ಲಾಗ್ ಓದಲು ಕೂತಾಗ ಹೊಂದದ ಸಾಲುಗಳು ಸಿಕ್ಕವು. ಹಾಳೆಯ ವಿಳಾಸ ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಏನೋ ಒಂದು ಪದ. ಹೀಗೆ ವಿಳಾಸದ ಹಿಂದೆ ಅಂಟಿಸುವುದಕ್ಕೆ ಕ್ವೆರಿ ಪ್ಯಾರಾಮೀಟರ್ ಎನ್ನುತ್ತಾರೆ. ಅಂಗಡಿಯ ಸೈಟಿನಲ್ಲಿ ಬಣ್ಣ, ಅಳತೆ ಇವನ್ನೆಲ್ಲ ಕೇಳುವುದು ಅದರಿಂದಲೇ. ನಮ್ಮ ಸೈಟಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಆದರೂ ಇಲ್ಲಿ 17?ಮೈಸಮ್ಮ, 22?ಪೋಚಮ್ಮ, 9?786, 17?ಸಾಯಿರಾಂ. ದೇವರುಗಳೆಲ್ಲ ಮುಗಿದ ಮೇಲೆ ಊರುಗಳು, ಊರುಗಳಾದ ಮೇಲೆ ಮಕ್ಕಳ ಹೆಸರುಗಳು. ನಮ್ಮ ಸರ್ವರ್‌ಗೆ ಆ ಪದಗಳಿಂದ ಏನೂ ಆಗಬೇಕಾದ್ದಿರಲಿಲ್ಲ. ಚಿಹ್ನೆಯ ಮುಂದಿರುವುದನ್ನು ಬಿಟ್ಟು ಹಾಳೆಯನ್ನು ಮಾತ್ರ ಕೊಡುತ್ತಿತ್ತು.

ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಯಾರಿಗೋ ಕೆಲಸವಿಲ್ಲ, ಟ್ಯಾಬ್ ಇಟ್ಟುಕೊಂಡು ಆಡುತ್ತಿದ್ದಾರೆ ಎಂದು ನಾನೇ ತೀರ್ಮಾನಿಸಿದೆ. ಅದೇ ವಾರ ಸೈಟಿನ ಸುರಕ್ಷತೆ ಪರೀಕ್ಷಿಸಲು ಹೊರಗಿನಿಂದ ಬಂದವರೊಬ್ಬರು ತಮ್ಮ ಪಟ್ಟಿಯಲ್ಲಿ "ಬೇಡದ ಪ್ಯಾರಾಮೀಟರ್‌ಗಳನ್ನು ಸ್ವೀಕರಿಸುತ್ತಿದೆ" ಎಂದು ಒಂದು ಸಾಲು ಬರೆದಿದ್ದರು. ನಮ್ಮ ಟೀಮ್ ಲೀಡ್ ಅದನ್ನು ನನ್ನ ಕಡೆ ತಳ್ಳಿದರು. ಕಾರ್ಖಾನೆಗೆ ಒಂದು ಫೋನ್ ಮಾಡಿ ಯಾರು, ಯಾಕೆ ಹೀಗೆ ಬರೆಯುತ್ತಿದ್ದಾರೆ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಬೇಕು ಎಂದು ನನಗೆ ತೋಚಲೇ ಇಲ್ಲ. ಆ ದಿನ ಅವ್ವನನ್ನು ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗುವುದಿತ್ತು, ನಾಲ್ಕಕ್ಕೆಲ್ಲ ಹೊರಡಬೇಕಿತ್ತು. ಕಾಲು ಗಂಟೆಯಲ್ಲಿ ಒಂದು ನಿಯಮ ಬರೆದೆ: ಯಾವ ವಿಳಾಸದ ಹಿಂದೆ ಇಂಥ ಬಾಲ ಇದ್ದರೂ ಅದನ್ನು ಕತ್ತರಿಸಿ ಬ್ರೌಸರನ್ನು ಬಾಲವಿಲ್ಲದ ವಿಳಾಸಕ್ಕೆ ಕಳಿಸು. ಹಾಗೆ ತಿರುಗಿಸಿ ಕಳಿಸಿದ ಸಾಲುಗಳು ನನ್ನ ಕಣ್ಣಿಗೆ ಬೀಳದಂತೆ ಲಾಗ್‌ಗೂ ಒಂದು ಜರಡಿ ಹಾಕಿದೆ. ಲಾಗ್ ಆರಿಸಿಟ್ಟ ಅಕ್ಕಿಯ ಹಾಗೆ ಕಂಡಿತು. ನುಮಾಯಿಷ್‌ನಲ್ಲಿ ಅವ್ವ ಉಪ್ಪಿನಕಾಯಿಗೆ ಒಂದು ಭರಣಿ ಕೊಂಡಳು. ಅದನ್ನು ಎದೆಗೆ ಅವಚಿಕೊಂಡು ಭಾಳ ಸಮಾಧಾನದಿಂದ ಮನೆಗೆ ಬಂದೆ.

ಎರಡು ವಾರ ಕಳೆದಿರಬೇಕು. ಕಾರ್ಖಾನೆಯ ಸೇಫ್ಟಿ ಆಫೀಸರ್ ಫೋನ್ ಮಾಡಿದರು. ಆ ವಾರ ಹದಿನೇಳನೇ ಹಾಳೆ ಬದಲಾಗಿತ್ತು. ಹಂಡೆ ತೊಳೆಯಲು ಬೇರೆ ದ್ರಾವಕ ಬಂದಿತ್ತು, ಕೊಳವೆಯಲ್ಲೇ ಬರುವುದರಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ. ಹಳೆಯದಕ್ಕೆ ನೀಲಿ ಬಣ್ಣದ ತೆಳು ಗ್ಲೌಸ್ ಸಾಕಿತ್ತು. ಹೊಸದು ಅದರೊಳಗೆ ಇಳಿದುಬಿಡುತ್ತದೆ, ಅದಕ್ಕೆ ಮೊಣಕೈವರೆಗಿನ ಕಪ್ಪು ದಪ್ಪ ಗ್ಲೌಸ್ ಬೇಕು. ಹಿರಿಯ ಆಪರೇಟರ್ ನೀಲಿ ಗ್ಲೌಸ್ ಹಾಕಿಕೊಂಡೇ ತೊಳೆಯಲು ಇಳಿದಿದ್ದರು. ಬಲಗೈ ಮಣಿಕಟ್ಟಿನವರೆಗೆ ಸುಟ್ಟಿತ್ತು. ತುರ್ತು ಶವರಿನ ಕೆಳಗೆ ಅವರನ್ನು ನಿಲ್ಲಿಸಿದಾಗ ಪಕ್ಕದಲ್ಲಿ ತೂಗುತ್ತಿದ್ದ ಟ್ಯಾಬ್ ನೀರು ಕುಡಿದು ಸತ್ತುಹೋಯಿತು. ಆ ಹಾಳೆ ಬೇಕಾಗುವುದು ಆ ಒಂದು ಹಂಡೆಗೆ ಮಾತ್ರ. ಮರುದಿನ ತೂಗುಹಾಕಿದ ಹೊಸ ಟ್ಯಾಬ್‌ನಲ್ಲಿ ಹೊಸ ಹಾಳೆ ಸರಿಯಾಗಿಯೇ ತೆರೆಯುತ್ತಿತ್ತು, ಹಾಗಾಗಿ ಯಾರಿಗೂ ಟ್ಯಾಬ್ ಮೇಲೆ ಅನುಮಾನ ಬರಲಿಲ್ಲ.

"ಹಾಳೆ ನೋಡಿಯೇ ಕೆಲಸ ಶುರು ಮಾಡಿದೆ ಅನ್ನುತ್ತಾನೆ. ನಿಮ್ಮ ಲಾಗ್ ಏನು ಹೇಳುತ್ತದೆ?" ಎಂದು ಸೇಫ್ಟಿ ಆಫೀಸರ್ ಕೇಳಿದರು.

ಊಟದ ಹೊತ್ತು. ಡಬ್ಬಿ ತೆರೆದಿಟ್ಟುಕೊಂಡೇ ಹುಡುಕಿದೆ. ಆ ಬೆಳಿಗ್ಗೆ ಆ ಟ್ಯಾಬ್‌ನಿಂದ ಹದಿನೇಳನೇ ಹಾಳೆ ಕೇಳಿದ ಸಾಲು ಒಂದೂ ಇರಲಿಲ್ಲ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ಹೊತ್ತಿನಲ್ಲಿ ನನಗೆ ಒಂದು ಮುಳ್ಳು ಚುಚ್ಚಿತು. ಬ್ರೌಸರ್ ತನ್ನಲ್ಲಿದ್ದ ಹಾಳೆಯನ್ನೇ ತೋರಿಸಿದರೆ ಲಾಗ್‌ನಲ್ಲಿ ಸಾಲು ಬೀಳುವುದಿಲ್ಲ. ಮೂವತ್ತು ದಿನ ಇಟ್ಟುಕೋ ಎಂದು ಬರೆದವಳೇ ನಾನು. ಆ ಯೋಚನೆ ಬಂದದ್ದು ನಿಜ. ಪಲ್ಯ ಆರುತ್ತಿತ್ತು, ಆಫೀಸರ್ ಕಾಯುತ್ತಿದ್ದರು. "ಆ ದಿನ ಆ ಟ್ಯಾಬ್‌ನಿಂದ ೧೭ನೇ ಹಾಳೆ ತೆರೆದ ದಾಖಲೆ ಇಲ್ಲ" ಎಂದು ಒಂದು ವಾಕ್ಯ ಬರೆದು ಕಳಿಸಿ ಕೈ ತೊಳೆದುಕೊಂಡೆ.

ಎರಡು ದಿನದ ಮೇಲೆ ಆಪರೇಟರ್‌ಗೆ ಕೊಟ್ಟ ನೋಟಿಸಿನ ಪ್ರತಿ ನನಗೂ ಬಂತು. ಸೂಚನೆಯ ಹಾಳೆಯನ್ನು ನೋಡದೆ ಕೆಲಸ ಮಾಡಿದ್ದಾರೆ, ಯಾಕೆ ತೆಗೆದುಹಾಕಬಾರದು ತಿಳಿಸಿ ಎಂದು ಅದರಲ್ಲಿತ್ತು. ದಾಖಲೆ ಇಲ್ಲ ಎನ್ನುವುದಕ್ಕೂ ನೋಡಿಲ್ಲ ಎನ್ನುವುದಕ್ಕೂ ಎಷ್ಟು ದೂರ ಎಂದು ಆ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಾರದು. ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ಲಾಗ್ ಅಚ್ಚು ಹಾಕಿಸಿಕೊಂಡು ವಿಚಾರಣೆಗೆ ಬನ್ನಿ ಎಂದಿದ್ದರು, ಬರುತ್ತೇನೆ ಎಂದು ಉತ್ತರಿಸಿದೆ.

ವಿಚಾರಣೆಯ ದಿನ ಹನ್ನೊಂದು ಗಂಟೆಗೆ ಕರೆಯುತ್ತೇವೆ ಎಂದು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದರು. ಬೆಂಚಿನ ಆ ತುದಿಯಲ್ಲಿ ಐವತ್ತು ದಾಟಿದ ಒಬ್ಬರು ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದರು. ನಾನು ಆ ಕಡೆ ನೋಡಲಿಲ್ಲ. ಅಷ್ಟರಲ್ಲಿ ಅವ್ವನ ಫೋನ್ ಬಂತು. "ಹೂಂ ಅವ್ವಾ, ಜೀಡಿಮೆಟ್ಲಾಕ್ಕ ಬಂದೀನಿ, ಊಟಕ್ಕ ಹಾದಿ ನೋಡಬ್ಯಾಡ" ಎಂದು ಹೇಳಿ ಇಟ್ಟೆ. ಅವರು ತಲೆ ಎತ್ತಿದರು.

"ಯಾವ ಕಡ್ಯಾವ್ರರಿ ಬಾಯಾರ?"

"ಬಾಗಲಕೋಟಿ ಕಡೆ, ಕಾಕಾ. ಹುಟ್ಟಿ ಬೆಳದದ್ದೆಲ್ಲ ಇಲ್ಲೇ. ನಮ್ಮಪ್ಪ ಇಲ್ಲೇ ಸೆಂಟ್ರಲ್ ಗೌರ್ಮೆಂಟ್ ಫ್ಯಾಕ್ಟರಿಯೊಳಗ ಇದ್ರು."

"ನಾ ಇಂಡಿ ಕಡ್ಯಾವ. ಇಪ್ಪತ್ತೆರಡು ವರ್ಷಾತು ಇಲ್ಲಿಗೆ ಬಂದು." ನನ್ನ ಮಡಿಲಲ್ಲಿದ್ದ ಫೈಲಿನ ಮೇಲೆ ಅವರ ಕಣ್ಣು ಹೋಯಿತು. "ಆ ಕಂಪ್ಯೂಟರಿನ ಬಾಯಾರು ನೀವ ಏನು?"

ಹೌದೆಂದೆ. ಬಯ್ಯಬಹುದು ಎಂದುಕೊಂಡಿದ್ದೆ. ಅವರು ಬಯ್ಯಲಿಲ್ಲ.

"ನಾ ಹಾಳಿ ನೋಡಿಲ್ಲಂತ ಬರದು ಕೊಟ್ಟೀರಂತ."

"ಕಂಪ್ಯೂಟರಿನ್ಯಾಗ ದಾಖಲಿ ಇಲ್ರಿ ಕಾಕಾ. ಅಷ್ಟ ಬರದೀನಿ."

"ನೋಡೀನವ್ವಾ. ಬಾಲ ಹಚ್ಚೇ ನೋಡೀನಿ."

"ಯಾವ ಬಾಲರಿ?"

ಅವರು ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ಮೊದಲ ಹಾಳಿ ಬದ್ಲಾದಾಗ ಹಳೇದ ಬರಾಕತ್ತಿತ್ತು. ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ನೆಟ್‌ವರ್ಕ್ ಅಂದ್ರು ಯಾರೋ ಒಬ್ಬಾಕಿ. ಆಮ್ಯಾಲ ಕೆಮಿಸ್ಟ್ ಸಾಹೇಬ್ರಿಗೆ ಮೇಲ್‌ನ್ಯಾಗ ಬಂದ ವಿಳಾಸಕ್ಕ ಒಂದು ಬಾಲ ಇತ್ತು, ಪ್ರಶ್ನಿ ಗುರ್ತು ಹಾಕಿ ಉದ್ದಕ ಏನೇನೋ. ಅದನ್ನ ಟ್ಯಾಬಿನ್ಯಾಗ ಹೊಡದ್ರ ಹೊಸಾ ಹಾಳಿ ಬಂತು. ಬಾಲ ತಗದ್ರ ಮತ್ತ ಹಳೇದು. ಹಂಗಾರ ಬಾಲದಾಗ ಏನರೆ ಇರ್ಲಿ ಅಂತ ಮೈಸಮ್ಮನ ಹೆಸರು ಬರದೆ. ಅದಕ್ಕೂ ಹೊಸಾದು ಬಂತು. ಆದ್ರ ಹಾಳಿ ಮತ್ತ ಬದ್ಲಾದ್ರ ಅದ ಹೆಸರು ಎರಡನೇ ಸಲ ನಡ್ಯಾಂಗಿಲ್ಲ. ಅದಕ ದಿನಾ ಹೊಸಾ ಹೆಸರು. ದೇವ್ರು ಮುಗದ್ರು, ಊರು ಮುಗದ್ವು, ಈಗ ಮನಿ ಮಂದಿ ನಡದಾರ. ಶಿಫ್ಟಿನಾವ್ರಿಗೆಲ್ಲಾ ನಾನ ಕಲಿಸೀನಿ."

ಯಾರು ಒತ್ತಿದರು ಎಂದು ಎಣಿಸಲು ಮೇಲ್ ಕಳಿಸುವ ತಂತ್ರಾಂಶ ತಾನೇ ಅಂಟಿಸುವ ಬಾಲ ಅದು. ಬಾಲ ಬೇರೆಯಾದರೆ ಬ್ರೌಸರ್‌ಗೆ ಅದು ಬೇರೆಯದೇ ವಿಳಾಸ. ತನ್ನಲ್ಲಿಲ್ಲದ ಪುಟ ಎಂದು ತಿಳಿದು ಅದು ಸರ್ವರ್‌ಗೆ ಬರುತ್ತದೆ, ಹೊಸ ಹಾಳೆ ತರುತ್ತದೆ. ನಾನು ಮಾಡದೆ ಬಿಟ್ಟ ಕೆಲಸವನ್ನು ಈ ಮನುಷ್ಯ ಯಾರೂ ಹೇಳಿಕೊಡದೆ ಕಂಡುಹಿಡಿದು ಇಡೀ ಶಿಫ್ಟಿಗೆ ಕಲಿಸಿದ್ದರು. ಅದನ್ನು ನಾನು ಆಟ ಎಂದುಕೊಂಡಿದ್ದೆ. ನೆಟ್‌ವರ್ಕ್ ಎಂದ ಆ ಒಬ್ಬಾಕಿಯೂ ನಾನೇ.

"ಅವತ್ತ ಏನು ಹೆಸರು ಹಚ್ಚಿದ್ರಿ?"

"ಸಾನ್ವಿ. ಮೊಮ್ಮಗಳು. ಅದರ ಹಿಂದಿನ ಐತವಾರ ತೊಟ್ಲಾಗ ಹಾಕಿದ್ವಿ."

ಬೆಂಚಿನ ಮೇಲೇ ಲ್ಯಾಪ್‌ಟಾಪ್ ತೆರೆದೆ. ನಾನು ಹಾಕಿದ್ದ ಜರಡಿ ತೆಗೆದು ಆ ದಿನದ ಎಲ್ಲ ಸಾಲು ನೋಡಿದೆ. ಬೆಳಿಗ್ಗೆ ಎಂಟು ಐವತ್ತೆರಡಕ್ಕೆ ಇತ್ತು, 17?ಸಾನ್ವಿ. ಸರ್ವರ್ ಕೊಟ್ಟ ಉತ್ತರ: ಬಾಲವಿಲ್ಲದ ವಿಳಾಸಕ್ಕೆ ಹೋಗು. ಅದರ ಹಿಂದೆಯೇ ಬಾಲವಿಲ್ಲದ ವಿಳಾಸ ಕೇಳುವ ಇನ್ನೊಂದು ಸಾಲು ಬೀಳಬೇಕು. ಬಿದ್ದಿರಲಿಲ್ಲ. ಬಾಲವಿಲ್ಲದ ಹದಿನೇಳನೇ ಹಾಳೆ ಆ ಟ್ಯಾಬ್‌ನ ಹೊಟ್ಟೆಯಲ್ಲೇ ಇತ್ತು, ಹಳೆಯದು, ನೀಲಿ ಗ್ಲೌಸಿನದು, ನನ್ನ ನಿಯಮ ಬಂದ ಹೊಸದರಲ್ಲಿ ತಂದಿಟ್ಟುಕೊಂಡದ್ದು. ಅದನ್ನೇ ತೆಗೆದು ತೋರಿಸಿತ್ತು. ಎಷ್ಟನೇ ಆವೃತ್ತಿ ಎಂಬುದು ಪುಟದ ತಳದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇರುತ್ತದೆ. ನೋಡಲು ಚಂದ ಎಂದು ಹಾಗೆ ಇಟ್ಟವಳೂ ನಾನೇ. ಬಾಲ ಹಚ್ಚಿದ್ದರಿಂದ ಇದು ಹೊಸದೇ ಎಂದು ನಂಬಿ ಅವರು ನೀಲಿ ಗ್ಲೌಸ್ ಹಾಕಿಕೊಂಡಿದ್ದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು.

ಕಾರಿಡಾರಿನ ಗೋಡೆಯಲ್ಲಿ ಹೊಸಬರಿಗೆ ತೋರಿಸಲೆಂದು ಒಂದು ಟ್ಯಾಬ್ ಇತ್ತು. "ಇಪ್ಪತ್ತೆರಡನೇದು ನೋಡು, ಅದೂ ಮನ್ನಿ ಬದ್ಲಾಗೈತಿ" ಎಂದು ಅವರೇ ಎದ್ದು ಬಂದು ಎಡಗೈಯಿಂದ ಒತ್ತಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ನಾಲ್ಕನೇ ಆವೃತ್ತಿ. ಟ್ಯಾಬ್‌ನಲ್ಲಿ ಮೂರು. ಅವರು ಬಾಲ ಹಚ್ಚಿ ಮತ್ತೆ ಒತ್ತಿದರು. ಬಾಲ ಮಾಯವಾಗಿ ಅದೇ ಮೂರು ಬಂತು.

"ಬಾಲ ಹಚ್ಚಿದ್ರೂ ಹಳೇದ ಬರಾಕತ್ತೈತಲ್ಲವ್ವಾ."

"ಬಾಲ ನಾ ಕತ್ತರಿಸೀನಿ ಕಾಕಾ" ಎಂದೆ. ಅವರು ಟ್ಯಾಬ್ ನೋಡಿದರು, ತಮ್ಮ ಬ್ಯಾಂಡೇಜ್ ನೋಡಿಕೊಂಡರು, ಹೋಗಿ ಬೆಂಚಿನ ಮೇಲೆ ಕೂತರು.

ಹೊರಗೆ ಬಂದು ಟೀಮ್ ಲೀಡ್‌ಗೆ ಫೋನ್ ಮಾಡಿದೆ. ಕೆಟ್ಟ ಮನುಷ್ಯರಲ್ಲ ಅವರು, ಹನ್ನೊಂದು ಜನರ ಅನ್ನ ಅವರ ತಲೆಯ ಮೇಲಿತ್ತು. ಎಲ್ಲ ಕೇಳಿಕೊಂಡು, ಅಲ್ಲಿಂದಲೇ ಆ ನಿಯಮ ತೆಗೆದುಬಿಡು, ಲಾಗ್‌ನಲ್ಲಿ ಏನೋ ವ್ಯತ್ಯಾಸ ಕಂಡಿದೆ, ಪರಿಶೀಲಿಸಿ ಒಂದು ವಾರದಲ್ಲಿ ವರದಿ ಕೊಡುತ್ತೇವೆ ಎಂದಷ್ಟೇ ಒಳಗೆ ಹೇಳು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಿಯಮ ತೆಗೆಯಲು ಅರ್ಧ ನಿಮಿಷ ಸಾಕು. ನಾನು ಫೈಲ್ ತೆರೆದೆ ಕೂಡ.

ಆಗ ಹೊಳೆಯಿತು. ನಿಯಮ ತೆಗೆದರೆ ಬಾಲ ಹಚ್ಚುವವರಿಗೆ ಮಾತ್ರ ಹೊಸ ಹಾಳೆ ಸಿಗುತ್ತದೆ. ಹಚ್ಚದವರಿಗೆ ಟ್ಯಾಬ್‌ನ ಹೊಟ್ಟೆಯಲ್ಲಿರುವ ಹಳೇ ಹಾಳೆಯೇ ಮೂವತ್ತು ದಿನದವರೆಗೆ ಬರುತ್ತಲೇ ಇರುತ್ತದೆ. ಸರ್ವರ್ ಒಮ್ಮೆ ಇಟ್ಟುಕೋ ಎಂದು ಹೇಳಿದ್ದನ್ನು ತಾನೇ ಹೋಗಿ ಹಿಂದಕ್ಕೆ ತೆಗೆದುಕೊಳ್ಳಲಾರದು. ಟ್ಯಾಬ್ ಬಂದು ಕೇಳಿದರೆ ತಾನೆ ಹೇಳುವುದು? ಅದು ಕೇಳಲು ಬರುವುದೇ ಇಲ್ಲ. ಒಂದೊಂದು ಟ್ಯಾಬನ್ನೂ ಕೈಯಲ್ಲಿ ಹಿಡಿದು ಅಳಿಸಬೇಕು. ಅದಕ್ಕೆ ಕೆಲಸ ನಿಲ್ಲಿಸಬೇಕು, ನಿಲ್ಲಿಸಲು ಕಾರಣ ಹೇಳಬೇಕು. ಒಳಗೊಳಗೇ ಸರಿಮಾಡುವ ದಾರಿ ಇರಲಿಲ್ಲ. ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇರುತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳಲಾರೆ.

ಒಳಗೆ ಪ್ಲಾಂಟ್ ಮ್ಯಾನೇಜರ್, ಸೇಫ್ಟಿ ಆಫೀಸರ್ ಇಬ್ಬರೂ ಕೂತಿದ್ದರು. ಆಪರೇಟರನ್ನು ನನ್ನ ಎದುರಿಗೆ ಕೂರಿಸಿದರು. ಹಾಳೆ ನೋಡಿದ್ದೀರಾ ಎಂದು ಮತ್ತೆ ಕೇಳಿದಾಗ "ಚೂಸಾನು ಸಾರ್" ಎಂದು ತೆಲುಗಿನಲ್ಲಿ ಒಂದೇ ಮಾತು ಹೇಳಿದರು, ನೋಡಿದೆ ಎಂದು. ಮ್ಯಾನೇಜರ್ ನನ್ನ ಕಡೆ ತಿರುಗಿದರು. ನಾನು ತಂದಿದ್ದ ಅಚ್ಚಿನ ಹಾಳೆಯನ್ನು ಮಗುಚಿಟ್ಟೆ. ತೆಲುಗಿನಲ್ಲೇ ಹೇಳಿದೆ. ನಾನು ಕೊಟ್ಟ ದಾಖಲೆ ಅರ್ಧದ್ದು, ಇವರು ನೋಡಿದ್ದಾರೆ, ಹೊತ್ತು ಕೂಡ ಇದೆ. ಇವರಿಗೆ ಹಳೇ ಹಾಳೆ ತೋರಿಸಿದ್ದು ನಾನು ಬರೆದ ನಿಯಮ. ಈ ಗಳಿಗೆಯಲ್ಲೂ ಬೇರೆ ಹಂಡೆಗಳ ಹತ್ತಿರ ಅದು ಹಳೆಯದನ್ನೇ ತೋರಿಸುತ್ತಿರಬಹುದು. ವಿಚಾರಣೆ ಆಮೇಲೆ ಮಾಡಿ, ಮೊದಲು ಕೆಲಸ ನಿಲ್ಲಿಸಿ.

ಮ್ಯಾನೇಜರ್ ಬೇರೇನೂ ಕೇಳಲಿಲ್ಲ. "ಎಷ್ಟು ಟ್ಯಾಬ್?" ಎಂದರು. ಹತ್ತೊಂಬತ್ತು ಎಂದೆ. ಅವರು ಫೋನ್ ಎತ್ತಿ ಸುರಿಯುವುದು ತೊಳೆಯುವುದು ಎಲ್ಲ ನಿಲ್ಲಿಸಲು ಹೇಳಿದರು.

ತಲೆಗೆ ಹೆಲ್ಮೆಟ್ ಹಾಕಿಕೊಂಡು ಸೇಫ್ಟಿ ಆಫೀಸರ್ ಹಿಂದೆ ಒಂದೊಂದೇ ಹಂಡೆಯ ಹತ್ತಿರ ಹೋದೆ. ಟ್ಯಾಬ್ ತೆಗೆದುಕೊಳ್ಳುವುದು, ಬ್ರೌಸರ್ ಇಟ್ಟುಕೊಂಡದ್ದನ್ನೆಲ್ಲ ಅಳಿಸುವುದು, ಪ್ರತಿ ಹಾಳೆ ತೆರೆದು ಆವೃತ್ತಿಯನ್ನು ಪಟ್ಟಿಯೊಂದಿಗೆ ತಾಳೆ ನೋಡುವುದು. ಗಾಯ ಹಸಿಯಿದ್ದದ್ದರಿಂದ ಆಪರೇಟರನ್ನು ಒಳಗೆ ಬಿಡಲಿಲ್ಲ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಾವ ಹಂಡೆಗೆ ಯಾವ ಹಾಳೆ ಎಂದು ಬಾಯಲ್ಲೇ ಹೇಳುತ್ತಾ, ಒಂದು ಕಾಗದದ ಮೇಲೆ ಎಡಗೈಯಿಂದ ಗುರುತು ಹಾಕುತ್ತಿದ್ದರು. ಹತ್ತೊಂಬತ್ತರಲ್ಲಿ ಏಳು ಟ್ಯಾಬ್‌ಗಳಲ್ಲಿ ಹಳೇ ಹಾಳೆ ಸಿಕ್ಕಿತು. ಪ್ರತಿ ಸಲ "ಹಳೇದು" ಎಂದು ನಾನು ಕೂಗಿ ಹೇಳಬೇಕಿತ್ತು. ಕೊನೆಯ ಟ್ಯಾಬ್ ಮುಗಿಸಿ, ಅಲ್ಲೇ ಕೂತು ಬಾಲ ಕತ್ತರಿಸುವ ನಿಯಮ ತೆಗೆದೆ. ಹಾಳೆ ತೆರೆದಾಗಲೆಲ್ಲ ಟ್ಯಾಬ್ ಮೊದಲು ಸರ್ವರನ್ನು ಕೇಳಲೇಬೇಕು, ಸಿಗದಿದ್ದರೆ "ಹಾಳೆ ಸಿಗಲಿಲ್ಲ, ಕೆಲಸ ಶುರು ಮಾಡಬೇಡಿ" ಎಂದು ತೋರಿಸಬೇಕು ಎಂದು ಬರೆದೆ. ವಿಳಾಸದಲ್ಲಿ ಆವೃತ್ತಿಯ ಸಂಖ್ಯೆ ಮುಂದಿನ ವಾರ ಬಂತು. ಆ ಪಟ್ಟಿಯಲ್ಲಿ ಬರೆದಿಟ್ಟು ಒಂದು ವರ್ಷದ ಮೇಲಾಗಿತ್ತು.

ಸಂಜೆ ಗೇಟಿನ ಹತ್ತಿರ ಅವರು ನಿಂತಿದ್ದರು. ನೋಟಿಸ್ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ, ಕೈ ವಾಸಿಯಾಗುವವರೆಗೆ ರಜೆ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ನಾನು ತಪ್ಪಾಯಿತು ಕಾಕಾ ಎಂದೆ.

"ಬಾಲ ಕತ್ತರಿಸಿದ್ದು ತಿಳೀದ ಆತು, ಹೋಗ್ಲಿ" ಎಂದರು. "ಆದ್ರ ದಾಖಲಿ ಇಲ್ಲಂತ ಬರದು ಕೊಡೂ ಮುಂದ ನಿನಗ ಒಂಚೂರೂ ಅನುಮಾನ ಬರ್ಲಿಲ್ಲೇನವ್ವಾ?"

ತೆರೆದಿಟ್ಟ ಡಬ್ಬಿ ಕಣ್ಣ ಮುಂದೆ ಬಂತು. "ಬರಬೇಕಿತ್ತು ಕಾಕಾ" ಎಂದೆ. ಬಂದಿತ್ತು ಎನ್ನಲಿಲ್ಲ. ಒಳಗೆ ಮ್ಯಾನೇಜರ್ ಮುಂದೆಯೂ ಅದೊಂದನ್ನು ಹೇಳಿರಲಿಲ್ಲ; ಯಾರೂ ಕೇಳಿರಲಿಲ್ಲ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹೂಂ ಎಂದು ಬಸ್ ಸ್ಟಾಪಿನ ಕಡೆ ನಡೆದರು.

ಟೀಮ್ ಲೀಡ್ ಮೂರು ವಾರ ನನ್ನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಆ ಸೈಟಿನ ಕೋಡ್ ಬರೆಯುವುದು ಬೇರೆಯವರ ಪಾಲಾಯಿತು, ಲಾಗ್ ಓದುವುದು ಮಾತ್ರ ನನ್ನ ಬಳಿಯೇ ಉಳಿಯಿತು. ಈಗ ನಾನು ಜರಡಿ ಹಾಕುವುದಿಲ್ಲ. ಬಾಲ ಬೇಕಿಲ್ಲ ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ತಿಳಿಸಿದ್ದರು. ದೇವರುಗಳು, ಊರುಗಳು, ಮಕ್ಕಳು ಒಂದೊಂದಾಗಿ ಲಾಗ್‌ನಿಂದ ಇಲ್ಲವಾದರು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಎಂಟು ಐವತ್ತಕ್ಕೆ ಹದಿನೇಳನೇ ಹಾಳೆಗೆ ಮತ್ತೆ ಬಾಲ ಬಂತು. ಹೆಸರಲ್ಲ, ಒಂದೇ ಅಕ್ಷರ, ಎ. ಮರುದಿನ ಬಿ. ಅದರ ಮರುದಿನ ಸಿ. ಅವರು ಕೆಲಸಕ್ಕೆ ಬಂದಿದ್ದಾರೆ ಎಂದು ಗೊತ್ತಾಯಿತು. ಒಂದು ವಾರ ನೋಡಿ, ಕೆಮಿಸ್ಟ್ ಫೋನಿಗೆ ಮಾಡಿ ಅವರಿಗೆ ಕೊಡಿ ಎಂದೆ.

"ಕಾಕಾ, ಈಗ ಬಾಲ ಬ್ಯಾಡ್ರಿ. ಎಲ್ಲಾ ಸರಿ ಮಾಡೀನಿ."

"ಗೊತ್ತೈತವ್ವಾ. ಸಾಹೇಬ್ರು ಹೇಳ್ಯಾರ."

"ಮೊದಲ ಪೂರಾ ಹೆಸರು ಬರೀತಿದ್ರಿ."

"ಬೆರಳು ಮಡಚಾಂಗಿಲ್ಲ. ಎಡಗೈಲೆ ಒಂದಕ್ಷರ ಆದ್ರ ಸಾಕಾಗತೈತಿ."

ಫೋನ್ ಇಡಬಹುದಿತ್ತು. ಇಡಲಿಲ್ಲ. "ಕಾಕಾ, ಅವತ್ತ ಗೇಟಿನ್ಯಾಗ ಕೇಳಿದ್ರಲ್ಲ. ಬರದು ಕೊಡೂ ಮುಂದ ಅನುಮಾನ ಬಂದಿತ್ರಿ. ಬಂದ್ರೂ ಕಳಿಸಿದೆ."

ಅವರು ಹಂಡೆಗಳ ಸದ್ದಿನಿಂದ ಈಚೆ ಬಂದದ್ದು ಕೇಳಿಸಿತು.

"ಅವತ್ತ ನಿನ್ನ ಮಾರಿ ನೋಡಿದಾಗನ ತಿಳೀತವ್ವಾ" ಎಂದರು. "ಅದಕ ಬಾಲ ಬಿಟ್ಟಿಲ್ಲ."

ಮರುದಿನ ಎಂಟು ನಲವತ್ತೊಂಬತ್ತಕ್ಕೆ ಸಾಲು ಬಂತು. ಹದಿನೇಳನೇ ಹಾಳೆ, ಮುಂದಿನ ಅಕ್ಷರ. ಅದನ್ನು ಅಲ್ಲೇ ಇರಲು ಬಿಟ್ಟೆ.